ಲಂಡನ್‌ನ ಟೇಟ್ ಮಾಡರ್ನ್: ಹಳೇ ಪವರ್ ಸ್ಟೇಷನ್‌ನಲ್ಲಿರುವ ಮ್ಯೂಸಿಯಂಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಶಕ್ತಿನಗರದ ಮಗಳು:
ಎಲ್ಲರಿಗೂ ನಮಸ್ಕಾರ. ನಾನು ಲಂಡನ್ ಹತ್ತಿರ ಕೆಲಸದಲ್ಲಿದ್ದೇನೆ. ಅಪ್ಪ ಅಮ್ಮ ಮೊದಲ ಸಲ ಬರುತ್ತಿದ್ದಾರೆ. ಅಪ್ಪ ರಾಯಚೂರು ಥರ್ಮಲ್‌ನಲ್ಲಿ ಟರ್ಬೈನ್ ಮೇಂಟೆನೆನ್ಸ್ ವಿಭಾಗದಲ್ಲಿದ್ದು ರಿಟೈರ್ ಆದವರು. ಟೇಟ್ ಮಾಡರ್ನ್ ಮೊದಲು ವಿದ್ಯುತ್ ಸ್ಥಾವರ ಆಗಿತ್ತು ಅಂತ ಕೇಳಿದಾಗಿನಿಂದ ಅವರಿಗೆ ಅದನ್ನು ತೋರಿಸಬೇಕು ಅನ್ನಿಸಿದೆ. ಆದರೆ ಒಳಗಿರುವುದು ಸಮಕಾಲೀನ ಕಲೆ. ನಮ್ಮ ಮನೆಯಲ್ಲಿ ಯಾರೂ ಇಂಥ ಮ್ಯೂಸಿಯಂಗೆ ಹೋದವರಲ್ಲ. "ಇದೇನು, ನಮಗೆ ಅರ್ಥ ಆಗಲ್ಲ" ಅಂತ ಅವರು ಸಂಕೋಚಪಟ್ಟುಕೊಂಡರೆ ಅನ್ನೋದು ನನ್ನ ಚಿಂತೆ. ಅಮ್ಮನಿಗೆ ಮಂಡಿ ನೋವು ಬೇರೆ. ಹೋಗಿ ಬಂದವರು ದಯವಿಟ್ಟು ಹೇಳಿ.

ಥೇಮ್ಸ್ ದಂಡೆ:
ಖಂಡಿತ ಕರೆದುಕೊಂಡು ಹೋಗಿ ಮೇಡಂ. ನನ್ನದೊಂದೇ ಮನವಿ. ಸಾಧ್ಯವಾದರೆ ನದಿ ಕಡೆಯ ಬಾಗಿಲಿಂದ ಹೋಗಬೇಡಿ. ಕಟ್ಟಡದ ಪಶ್ಚಿಮಕ್ಕೆ ಇನ್ನೊಂದು ಬಾಗಿಲಿದೆ, ಹಾಲೆಂಡ್ ಸ್ಟ್ರೀಟ್ ಕಡೆಗೆ. ಅಲ್ಲಿ ಒಂದು ಅಗಲವಾದ ಇಳಿಜಾರು ನಿಮ್ಮನ್ನು ನೇರವಾಗಿ ಟರ್ಬೈನ್ ಹಾಲ್‌ಗೆ, ಅಂದರೆ ಹಿಂದೆ ವಿದ್ಯುತ್ ತಯಾರಿಸುವ ಯಂತ್ರಗಳು ನಿಂತಿದ್ದ ಜಾಗಕ್ಕೆ, ಇಳಿಸುತ್ತದೆ. ಸುಮಾರು 35 ಮೀಟರ್ ಎತ್ತರ, 150 ಮೀಟರ್‌ಗೂ ಹೆಚ್ಚು ಉದ್ದದ ಒಂದೇ ಕೋಣೆ. ಉಕ್ಕಿನ ಕಂಬಗಳು ಸಾಲಾಗಿ ನಿಂತಿವೆ. ಮೇಲೆ ನೋಡಿದರೆ ಹಳೇ ಕ್ರೇನ್‌ಗಳು ಹಾಗೇ ಇವೆ. ನಿಮ್ಮ ಅಪ್ಪನಿಗೆ ಯಾರೂ ವಿವರಿಸಬೇಕಿಲ್ಲ, ಅವರೇ ನಿಮಗೆ ವಿವರಿಸುತ್ತಾರೆ.

ಅಮ್ಮನಿಗೆ ಇಳಿಜಾರು ಕಷ್ಟ ಅನ್ನಿಸಿದರೆ ಮಾತ್ರ ನದಿ ಕಡೆಯಿಂದ ಬನ್ನಿ. ಅಲ್ಲಿ ಒಳಗೆ ಲಿಫ್ಟ್ ಇದೆ. ವೀಲ್‌ಚೇರ್ ಕೇಳಿದರೆ ಪುಕ್ಕಟೆಯಾಗಿ ಕೊಡುತ್ತಾರೆ. ಸಂಕೋಚ ಬೇಡ, ಜಾಗ ಬಹಳ ದೊಡ್ಡದು.

ಕಟ್ಟಡ ಪ್ರೇಮಿ:
ಹೋಗುವ ಮೊದಲು ಅಪ್ಪನಿಗೆ ಹೇಳಲು ಸ್ವಲ್ಪ ಹಿನ್ನೆಲೆ ಕೊಡುತ್ತೇನೆ. ಸ್ವಲ್ಪ ಜಾಸ್ತಿ ಆಗಬಹುದು, ಈ ಕಟ್ಟಡ ಅಂದರೆ ನನಗೆ ತುಂಬಾ ಇಷ್ಟ.

ಇದರ ಹೆಸರು ಬ್ಯಾಂಕ್‌ಸೈಡ್ ಪವರ್ ಸ್ಟೇಷನ್. ವಿನ್ಯಾಸ ಸರ್ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಅವರದು. ಲಂಡನ್ನಿನ ಕೆಂಪು ಟೆಲಿಫೋನ್ ಬೂತ್ ನೋಡಿದ್ದೀರಲ್ಲ, ಅದೂ ಅವರದೇ. ಕೆಲಸ ಶುರುವಾಗಿದ್ದು 1947ರಲ್ಲಿ, ಎರಡು ಹಂತದಲ್ಲಿ ಮುಗಿದಿದ್ದು 1963ರಲ್ಲಿ. ನದಿಯ ಆಚೆ ದಂಡೆಯಲ್ಲೇ ಸೇಂಟ್ ಪಾಲ್ಸ್ ಕೆಥೆಡ್ರಲ್ ಇದೆ. ದೇವಾಲಯದ ಎದುರಿಗೆ ವಿದ್ಯುತ್ ಸ್ಥಾವರವೇ ಅಂತ ಆಗ ದೊಡ್ಡ ವಿರೋಧ ಬಂದಿತ್ತು. ಅದಕ್ಕೇ ಚಿಮಣಿಯ ಎತ್ತರ 99 ಮೀಟರ್‌ಗೆ ನಿಂತಿತು. ಕೆಥೆಡ್ರಲ್ ಗುಮ್ಮಟಕ್ಕಿಂತ ಅದು ಎತ್ತರ ಇರಬಾರದಿತ್ತು. ಇದು ಕಲ್ಲಿದ್ದಲಿನ ಸ್ಥಾವರ ಅಲ್ಲ, ಎಣ್ಣೆ ಉರಿಸುತ್ತಿದ್ದರು. ಎಣ್ಣೆ ಬೆಲೆ ಏರಿದ ಮೇಲೆ ನಡೆಸುವುದು ದುಬಾರಿಯಾಯಿತು. 1981ರಲ್ಲಿ ಮುಚ್ಚಿದರು.

ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಖಾಲಿ ಬಿದ್ದಿತ್ತು. ಕೆಡವಬೇಕು ಅನ್ನುವವರೂ ಇದ್ದರು. 1994ರಲ್ಲಿ ಬ್ರಿಟನ್ನಿನ ಕಲಾ ಮ್ಯೂಸಿಯಂಗಳನ್ನು ನಡೆಸುವ ಟೇಟ್ ಸಂಸ್ಥೆ ಈ ಜಾಗ ಆರಿಸಿಕೊಂಡಿತು. ಮರುವರ್ಷ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಹರ್ಜೋಗ್ ಮತ್ತು ಡಿ ಮ್ಯೂರಾನ್ ಅವರಿಗೆ ಕೆಲಸ ಸಿಕ್ಕಿತು. 2000ದ ಮೇ ತಿಂಗಳಲ್ಲಿ ಮ್ಯೂಸಿಯಂ ತೆರೆಯಿತು. ಖರ್ಚು 13.4 ಕೋಟಿ ಪೌಂಡ್. ಮೊದಲ ವರ್ಷವೇ 50 ಲಕ್ಷಕ್ಕಿಂತ ಹೆಚ್ಚು ಜನ ಬಂದರು.

ನನ್ನ ಪ್ರಕಾರ ಆ ವಾಸ್ತುಶಿಲ್ಪಿಗಳ ಅತಿ ದೊಡ್ಡ ನಿರ್ಧಾರ ಟರ್ಬೈನ್ ಹಾಲನ್ನು ತುಂಬಿಸದೆ ಬಿಟ್ಟಿದ್ದು. ಯಂತ್ರಗಳನ್ನು ತೆಗೆದರು, ಟರ್ಬೈನ್ ನಿಂತಿದ್ದ ಮಹಡಿಯನ್ನೂ ತೆಗೆದು ನೆಲಮಾಳಿಗೆವರೆಗೆ ಬಿಚ್ಚಿಟ್ಟರು. ಅಷ್ಟೇ. ಅಷ್ಟು ಬೆಲೆಬಾಳುವ ಜಾಗದಲ್ಲಿ ಬೇರೆ ಯಾರಾದರೂ ಆಗಿದ್ದರೆ ನಾಲ್ಕು ಮಹಡಿ ಹಾಕಿ ಗೋಡೆಗೆ ಚಿತ್ರ ತೂಗುಹಾಕುತ್ತಿದ್ದರು.

ದಾವಣಗೆರೆ ಗಿರಣಿ:
ನನ್ನದು ಸ್ವಲ್ಪ ಬೇರೆ ಮಾತು. ತಪ್ಪು ತಿಳಿಯಬೇಡಿ. ನಮ್ಮ ತಂದೆ ಕಾಟನ್ ಮಿಲ್ಲಿನಲ್ಲಿ ಶಿಫ್ಟ್ ಮಾಡಿದವರು. ಮಿಲ್ ಮುಚ್ಚಿದಾಗ ಊರಿನ ಎಷ್ಟು ಮನೆಯಲ್ಲಿ ಒಲೆ ಹೊತ್ತುವುದು ಕಷ್ಟ ಆಯಿತು ಅಂತ ನೋಡಿದ್ದೇನೆ. ಮುಚ್ಚಿದ ಕಾರ್ಖಾನೆಯನ್ನು ಚೆಂದ ಮಾಡಿ, ದೀಪ ಹಾಕಿ, ಕಾಫಿ ಅಂಗಡಿ ಇಟ್ಟರೆ ನೋಡಲು ಬರುವವರಿಗೆ ಖುಷಿ. ಅಲ್ಲಿ ದುಡಿದವರ ಹೆಸರು ಎಲ್ಲಾದರೂ ಇದೆಯಾ? ಟೇಟ್‌ಗೆ ಹೋದವರು ಇದನ್ನು ಗಮನಿಸಿ ಹೇಳಬೇಕು.

ಥೇಮ್ಸ್ ದಂಡೆ:
ಸರ್, ನ್ಯಾಯವಾದ ಪ್ರಶ್ನೆ. ನನಗೆ ಅಲ್ಲಿ ಕಲಾವಿದರ ಬಗ್ಗೆ ಓದಲು ಸಿಕ್ಕಷ್ಟು ಬಾಯ್ಲರ್ ಮುಂದೆ ನಿಂತವರ ಬಗ್ಗೆ ಸಿಗಲಿಲ್ಲ. ಒಂದು ವಿಷಯ ಮಾತ್ರ ಹೇಳಬಲ್ಲೆ. ಹಳೇ ಬಾಯ್ಲರ್ ಹೌಸ್ ಕಡೆಯ ಕಟ್ಟಡಕ್ಕೆ ಈಗ ನ್ಯಾಟಲಿ ಬೆಲ್ ಬಿಲ್ಡಿಂಗ್ ಅಂತ ಹೆಸರು. ಆಕೆ ದೊಡ್ಡ ದಾನಿಯಲ್ಲ, ಕಲಾವಿದೆಯೂ ಅಲ್ಲ. ಅದೇ ಸುತ್ತಮುತ್ತ ಜನರ ಜೊತೆ ಕೆಲಸ ಮಾಡುತ್ತಿದ್ದವರು. 2018ರಲ್ಲಿ ಆ ಹೆಸರು ಇಟ್ಟರು. ಕಾರ್ಮಿಕರ ಹೆಸರಿಗೆ ಇದು ಬದಲಿ ಅಲ್ಲ, ಗೊತ್ತು.

ಚಿತ್ರಕಲಾ ಮೇಷ್ಟ್ರು:
ಮೇಡಂ, "ಅರ್ಥ ಆಗಲ್ಲ" ಅನ್ನುವ ಭಯದ ಬಗ್ಗೆ ಬರೆಯಬೇಕು ಅನ್ನಿಸಿತು. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಡುತ್ತೇನೆ. ಈ ಭಯ ಮಕ್ಕಳಿಗೆ ಇಲ್ಲ, ದೊಡ್ಡವರಿಗೇ ಜಾಸ್ತಿ.

ಟರ್ಬೈನ್ ಹಾಲ್‌ನಲ್ಲಿ ಸಾಮಾನ್ಯವಾಗಿ ವರ್ಷಕ್ಕೊಬ್ಬ ಕಲಾವಿದರಿಗೆ ಇಡೀ ಜಾಗ ಬಿಟ್ಟುಕೊಡುತ್ತಾರೆ. 2003ರಲ್ಲಿ ಓಲಾಫರ್ ಎಲಿಯಾಸನ್ ಅಲ್ಲಿ ಒಂದು ಸೂರ್ಯನನ್ನು ಮಾಡಿದ್ದರು. ನಿಜಕ್ಕೂ ಅದು ಅರ್ಧ ವೃತ್ತ, ಹಿಂದೆ ಹಳದಿ ದೀಪಗಳು. ಚಾವಣಿಗೆಲ್ಲ ಕನ್ನಡಿ ಹಾಕಿದ್ದರಿಂದ ಪೂರ್ತಿ ಸೂರ್ಯನಂತೆ ಕಾಣುತ್ತಿತ್ತು. ಮಂಜಿನಂತೆ ಹೊಗೆ ಬಿಟ್ಟಿದ್ದರು. ಜನ ಏನು ಮಾಡಿದರು ಗೊತ್ತಾ? ನೆಲದ ಮೇಲೆ ಅಂಗಾತ ಮಲಗಿ ಮೇಲಿನ ಕನ್ನಡಿಯಲ್ಲಿ ತಮ್ಮನ್ನೇ ಹುಡುಕಿಕೊಂಡರು. ಯಾರೂ ಅವರಿಗೆ ಹಾಗೆ ಮಾಡಿ ಅಂತ ಹೇಳಿರಲಿಲ್ಲ.

2007ರಲ್ಲಿ ಕೊಲಂಬಿಯಾದ ಡೋರಿಸ್ ಸಾಲ್ಸೆಡೊ ಹಾಲ್‌ನ ಕಾಂಕ್ರೀಟ್ ನೆಲದಲ್ಲೇ ಉದ್ದಕ್ಕೂ ಬಿರುಕು ಬಿಡಿಸಿದರು. 167 ಮೀಟರ್ ಬಿರುಕು. ವಲಸೆ ಬಂದವರಿಗೂ ಉಳಿದವರಿಗೂ ನಡುವೆ ಇರುವ ಕಂದಕದ ಬಗ್ಗೆ ಆ ಕೃತಿ. ಪ್ರದರ್ಶನ ಮುಗಿದ ಮೇಲೆ ಅದನ್ನು ತುಂಬಿದರು, ಆದರೆ ಗೆರೆ ಇವತ್ತಿಗೂ ಕಾಣುತ್ತದೆ. ನೀವು ಹೋದಾಗ ನೆಲದಲ್ಲಿ ಅದನ್ನು ಹುಡುಕಿ. ಪರದೇಶದಲ್ಲಿ ಬದುಕುವ ಮಗಳು ಆ ಗೆರೆಯ ಮುಂದೆ ನಿಂತು ಅಪ್ಪ ಅಮ್ಮನಿಗೆ ಏನಾದರೂ ಹೇಳಲು ಇದ್ದೇ ಇರುತ್ತದೆ ಅಲ್ವಾ?

2010ರಲ್ಲಿ ಚೀನಾದ ಐ ವೇವೇ ಅದೇ ನೆಲದ ಮೇಲೆ ಸೂರ್ಯಕಾಂತಿ ಬೀಜ ಹರಡಿದರು. ಹತ್ತು ಕೋಟಿ ಬೀಜ, ಒಂದೂ ನಿಜವಾದದ್ದಲ್ಲ. ಎಲ್ಲ ಪಿಂಗಾಣಿ. ಜಿಂಗ್‌ಡೆಜೆನ್ ಎಂಬ ಪಿಂಗಾಣಿ ಊರಿನ ಸುಮಾರು 1,600 ಜನ ಕೂತು ಒಂದೊಂದಕ್ಕೂ ಕೈಯಿಂದ ಬಣ್ಣ ಹಚ್ಚಿದ್ದರು. ಮೊದಲು ಜನ ಅದರ ಮೇಲೆ ಓಡಾಡಬಹುದಿತ್ತು. ಪಿಂಗಾಣಿ ಧೂಳು ಎದ್ದಿದ್ದರಿಂದ ಕೆಲವೇ ದಿನದಲ್ಲಿ ನಿಲ್ಲಿಸಬೇಕಾಯಿತು. ಒಂದು ಮುಷ್ಟಿ ಬೀಜದ ಹಿಂದೆ ಎಷ್ಟು ಕೈಗಳಿವೆ ಅಂತ ದಾವಣಗೆರೆ ಸರ್ ಅವರ ತಂದೆಗೆ ಯಾರೂ ಪಾಠ ಮಾಡಬೇಕಿಲ್ಲ. ಕಾರ್ಖಾನೆಯಲ್ಲಿ ದುಡಿದವರಿಗೆ, ಹೊಲದಲ್ಲಿ ದುಡಿದವರಿಗೆ ಇಂಥ ಕೃತಿ ಬೇಗ ತಲುಪುತ್ತದೆ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಭಾರ, ಎತ್ತರ, ಬೆಸುಗೆ, ಶ್ರಮ ಇವೆಲ್ಲ ಅವರ ಮೈಗೆ ಗೊತ್ತಿರುವ ಸಂಗತಿ.

ಹಾಗಾಗಿ ಗೋಡೆಯ ಮೇಲಿನ ಬರಹ ಮೊದಲು ಓದಬೇಡಿ. ಮೊದಲು ನೋಡಿ, ಸುತ್ತು ಹಾಕಿ, "ಇದನ್ನು ಹೇಗೆ ಮಾಡಿರಬಹುದು" ಅಂತ ಅಪ್ಪನನ್ನು ಕೇಳಿ. ಓದುವುದು ಆಮೇಲೆ.

ಭದ್ರಾವತಿ ಕಡೆಯವನು:
ಮೇಷ್ಟ್ರ ಮಾತಿಗೆ ನಾನೂ ಕೈ ಎತ್ತುತ್ತೇನೆ. ನಮ್ಮ ಊರಿನಲ್ಲಿ ಹುಟ್ಟಿದ ಶೀಲಾ ಗೌಡ ಅವರ ಕೃತಿ ಟೇಟ್ ಸಂಗ್ರಹದಲ್ಲಿದೆ ಅಂತ ಎಷ್ಟು ಜನಕ್ಕೆ ಗೊತ್ತು? 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾಶಾಲೆ, ಬರೋಡ, ಶಾಂತಿನಿಕೇತನ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿದರು. ಬೆಂಗಳೂರಿನಲ್ಲೇ ಇದ್ದು ಕೆಲಸ ಮಾಡುತ್ತಾರೆ.

ಟೇಟ್‌ನಲ್ಲಿರುವುದು 2009ರ ಅವರ "ಬಿಹೋಲ್ಡ್". ನಾಲ್ಕು ಕಿಲೋಮೀಟರ್ ಉದ್ದದ ಹಗ್ಗ, 20 ಕಾರ್ ಬಂಪರ್. ಹಗ್ಗ ಯಾವುದರದ್ದು ಅಂದರೆ ಮನುಷ್ಯರ ಕೂದಲಿನದು. ನಮ್ಮಲ್ಲಿ ಲಾರಿ, ಕಾರಿನ ಬಂಪರಿಗೆ ದೃಷ್ಟಿ ಆಗದಿರಲಿ ಅಂತ ಕಪ್ಪು ಕೂದಲ ಹಗ್ಗ ಕಟ್ಟುತ್ತಾರಲ್ಲ, ಅಲ್ಲಿಂದ ಹುಟ್ಟಿದ್ದು ಈ ಕೃತಿ. ದೇವರಿಗೆ ಮುಡಿ ಕೊಟ್ಟ ಕೂದಲು. ಅಷ್ಟು ತೆಳುವಾದದ್ದು ಅಷ್ಟು ಭಾರದ ಉಕ್ಕನ್ನು ಎತ್ತಿ ಹಿಡಿದು ನಿಂತಿದೆ. 2016ರಲ್ಲಿ ಟೇಟ್‌ನ ಹೊಸ ಕಟ್ಟಡ ತೆರೆದಾಗ ಅದು ಪ್ರದರ್ಶನದಲ್ಲಿತ್ತು.

ಲಂಡನ್ನಿನವರಿಗೆ ಆ ಕೃತಿಯ ಮುಂದೆ ವಿವರಣೆ ಬೇಕು. ನಿಮ್ಮ ಅಮ್ಮನಿಗೆ ಬೇಡ. ಯಾರ ಮನೆಯಲ್ಲಿ ಮುಡಿ ಹರಕೆ ಇಲ್ಲ ಹೇಳಿ.

ಒಂದು ಎಚ್ಚರಿಕೆ. ಕೃತಿಗಳನ್ನು ಆಗಾಗ ಬದಲಿಸುತ್ತಾರೆ. ಹೋಗುವ ದಿನ ಯಾವುದು ತೋರಿಸುತ್ತಿದ್ದಾರೆ ಅಂತ ಅವರ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಅದೊಂದನ್ನೇ ನಂಬಿ ಹೋಗಬೇಡಿ.

ಕೋಟೆನಾಡು:
ಟಿಕೆಟ್ ಎಷ್ಟು?

ಥೇಮ್ಸ್ ದಂಡೆ:
ಸಂಗ್ರಹ ನೋಡಲು ಹಣ ಇಲ್ಲ. ಟರ್ಬೈನ್ ಹಾಲ್‌ಗೂ ಇಲ್ಲ. ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್. ಮೊದಲ ಭೇಟಿಗೆ ಅದು ಬೇಕಿಲ್ಲ, ಉಚಿತವಾಗಿ ಇರುವುದೇ ಒಂದು ದಿನದಲ್ಲಿ ಮುಗಿಯುವುದಿಲ್ಲ. ಸೌತ್‌ವರ್ಕ್ ಅಥವಾ ಬ್ಲ್ಯಾಕ್‌ಫ್ರಯರ್ಸ್ ನಿಲ್ದಾಣದಿಂದ ನಡೆದು ಹೋಗಬಹುದು. ಸೇಂಟ್ ಪಾಲ್ಸ್‌ನಲ್ಲಿ ಇಳಿದು ಮಿಲೇನಿಯಂ ಬ್ರಿಜ್ ದಾಟಿ ಬಂದರೆ ಚಿಮಣಿ ಎದುರಿಗೇ ಕಾಣುತ್ತದೆ. ನಡೆಯುವವರಿಗಷ್ಟೇ ಇರುವ ಸೇತುವೆ ಅದು. 2000ದಲ್ಲಿ ತೆರೆದ ಎರಡೇ ದಿನಕ್ಕೆ ಜನ ನಡೆಯುವಾಗ ತೂಗಾಡಿದ್ದರಿಂದ ಮುಚ್ಚಿ, ಸರಿಮಾಡಿ 2002ರಲ್ಲಿ ಮತ್ತೆ ತೆರೆದರು. ಈಗ ಗಟ್ಟಿಯಾಗಿದೆ, ಅಮ್ಮನನ್ನು ಧೈರ್ಯವಾಗಿ ಕರೆತನ್ನಿ.

ಶಕ್ತಿನಗರದ ಮಗಳು:
ಹೋಗಿ ಬಂದೆವು! ಎಲ್ಲರಿಗೂ ತುಂಬಾ ಧನ್ಯವಾದ. ಅಮ್ಮನೇ ಇಳಿಜಾರಿನಲ್ಲಿ ಬರುತ್ತೇನೆ ಅಂದರು, ನಿಧಾನಕ್ಕೆ ಇಳಿದೆವು.

ಅಪ್ಪ ಒಳಗೆ ಬಂದವರೇ ನಿಂತುಬಿಟ್ಟರು. ಮೊದಲು ನೋಡಿದ್ದು ಮೇಲಿನ ಕ್ರೇನ್. "ಓವರ್‌ಹಾಲ್‌ಗೆ ರೋಟರ್ ಎತ್ತಲು ಇದು ಬೇಕೇ ಬೇಕು" ಅಂದರು. ಆಮೇಲೆ ಎಡಕ್ಕೆ ಬಲಕ್ಕೆ ನೋಡಿ, ನದಿ ಯಾವ ಕಡೆ ಅಂತ ಕೇಳಿದರು. ನಾನು ತೋರಿಸಿದೆ. "ಹಾಗಾದರೆ ಬಾಯ್ಲರ್ ಈ ಕಡೆ, ಟರ್ಬೈನ್ ನಡುವೆ, ಸ್ವಿಚ್‌ಗೇರ್ ಆ ಕಡೆ" ಅಂತ ಕೈ ತೋರಿಸಿ ಹೇಳಿದರು. ಆಮೇಲೆ ನೋಡಿದರೆ ನಿಜಕ್ಕೂ ಹಾಗೇ ಇತ್ತಂತೆ! ನದಿ ಕಡೆಯ ಗ್ಯಾಲರಿಗಳು ಇರುವುದು ಹಳೇ ಬಾಯ್ಲರ್ ಹೌಸ್‌ನಲ್ಲಿ. ಇಡೀ ಬ್ಯಾಂಕ್‌ಸೈಡ್‌ನ ಸಾಮರ್ಥ್ಯ 300 ಮೆಗಾವಾಟ್ ಅಂತ ನಾನು ಓದಿ ಹೇಳಿದೆ. ರಾಯಚೂರಿನ ಹೆಚ್ಚಿನ ಯೂನಿಟ್‌ಗಳು ಒಂದೊಂದೂ 210 ಮೆಗಾವಾಟ್. "ಆದರೆ ಆ ಕಾಲಕ್ಕೆ ಇದು ದೊಡ್ಡದೇ" ಅಂದರು.

ನನಗೆ ಗೊತ್ತಿಲ್ಲದ ಇನ್ನೊಂದು ಜಾಗ ಇತ್ತು, ಟ್ಯಾಂಕ್ಸ್. ಎಣ್ಣೆ ಸಂಗ್ರಹಿಸುತ್ತಿದ್ದ ನೆಲದಡಿಯ ದುಂಡನೆ ಟ್ಯಾಂಕ್‌ಗಳು. 2012ರಲ್ಲಿ ಕಲೆಗೆ ಅಂತ ತೆರೆದಿದ್ದು. ಕಾಂಕ್ರೀಟ್ ಗೋಡೆ ಒರಟಾಗಿ ಹಾಗೇ ಬಿಟ್ಟಿದ್ದಾರೆ. ಅಪ್ಪ ಗೋಡೆಗೆ ಮೂಗು ಹತ್ತಿರ ತಂದು ವಾಸನೆ ನೋಡಿದರು.

ಮೇಷ್ಟ್ರು ಹೇಳಿದ ಗೆರೆ ಸಿಕ್ಕಿತು. ಅದರ ಪಕ್ಕ ತುಂಬಾ ಹೊತ್ತು ನಿಂತೆವು. ಶೀಲಾ ಗೌಡ ಅವರ ಕೃತಿ ಈ ಸಲ ನೋಡಲು ಸಿಗಲಿಲ್ಲ, ಫೋನಿನಲ್ಲಿ ಚಿತ್ರ ತೋರಿಸಿದೆ. ಅಮ್ಮ ಅದನ್ನು ನೋಡಿ ನನ್ನ ತಮ್ಮನ ಮುಡಿ ತೆಗೆಸಿದ ಕತೆ ಪೂರ್ತಿ ಹೇಳಿದರು. ಎಲ್ಲವೂ ಇಷ್ಟ ಆಯಿತು ಅಂತೇನಿಲ್ಲ. ಒಂದು ಕೋಣೆಯಲ್ಲಿ ವಿಡಿಯೋ ಓಡುತ್ತಿತ್ತು, ಸದ್ದು ಜಾಸ್ತಿ, ಅಮ್ಮ ಎದ್ದು ಹೊರಗೆ ಬಂದುಬಿಟ್ಟರು. ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ಬೇಕಾದ್ದು ನೋಡಿದರು, ಬೇಡದ್ದು ಬಿಟ್ಟರು.

ಚಿತ್ರಕಲಾ ಮೇಷ್ಟ್ರು:
ಓದಿ ಮನಸ್ಸು ತುಂಬಿತು ಮೇಡಂ. ಎದ್ದು ಹೊರಗೆ ಬರುವುದೂ ನೋಡುವುದರ ಭಾಗವೇ.

ಜೆಪ್ಪು ಹಂಚು:
ಮಂಗಳೂರಿನಿಂದ ಒಂದು ಸೇರ್ಪಡೆ. ಆ ವಾಸ್ತುಶಿಲ್ಪಿಗಳು ಬಾಸೆಲ್‌ನವರು ಅಂದಿರಿ. ಆ ಹೆಸರು ಕರಾವಳಿಯವರಿಗೆ ಹೊಸದಲ್ಲ. 1865ರಲ್ಲಿ ಇಲ್ಲಿ ಮೊದಲ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಅದೇ ಊರಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್. ಆಮೇಲೆ ನದಿ ದಂಡೆಯ ಉದ್ದಕ್ಕೂ ಎಷ್ಟೋ ಹಂಚಿನ ಕಾರ್ಖಾನೆಗಳು ಬಂದವು. ಈಗ ಹೆಚ್ಚಿನವು ಮುಚ್ಚಿವೆ. ಎತ್ತರದ ಚಿಮಣಿ, ಉದ್ದನೆಯ ಶೆಡ್, ಮರದ ತೊಲೆ, ಒಳಗೆ ತಂಪು. ಅವುಗಳಲ್ಲಿ ಒಂದನ್ನಾದರೂ ಹೀಗೆ ಉಳಿಸಿದರೆ ಎಷ್ಟು ಚೆನ್ನಾಗಿರುತ್ತದೆ!

ಲಂಡನ್‌ಗೆ ಹೋಗಲು ಆಗದವರು ಕೊಚ್ಚಿಗೆ ಹೋಗಿ. ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್ ಹಿಂದೆ ಮೆಣಸು, ಶುಂಠಿ, ತೆಂಗಿನೆಣ್ಣೆ ವ್ಯಾಪಾರದ ಕಂಪನಿಯ ಜಾಗ. 2012ರಲ್ಲಿ ಶುರುವಾದ, ಎರಡು ವರ್ಷಕ್ಕೊಮ್ಮೆ ನಡೆಯುವ ಕೊಚ್ಚಿ-ಮುಜಿರಿಸ್ ಬಿನಾಲೆ ಎಂಬ ಕಲಾ ಪ್ರದರ್ಶನಕ್ಕೆ ಅದೇ ಮುಖ್ಯ ತಾಣವಾಯಿತು. ಅದು ಮ್ಯೂಸಿಯಂ ಅಲ್ಲ, ಬಿನಾಲೆ ನಡೆಯುವ ತಿಂಗಳುಗಳಲ್ಲಿ ಮಾತ್ರ ಕಲೆ ಇರುತ್ತದೆ. ಆದರೆ ಗೋದಾಮಿನ ಗೋಡೆಯಲ್ಲಿ ಇವತ್ತಿನ ಕಲೆ ನೋಡುವುದು ಹೇಗಿರುತ್ತದೆ ಅಂತ ನನಗೆ ಗೊತ್ತಾಗಿದ್ದು ಅಲ್ಲೇ. ಆಟೋದವರು, ಮೀನು ಮಾರುವವರು, ಶಾಲೆ ಮಕ್ಕಳು ಎಲ್ಲರೂ ಬಂದು ನೋಡುತ್ತಾರೆ.

ದಾವಣಗೆರೆ ಗಿರಣಿ:
ಮೇಡಂ, ನಿಮ್ಮ ತಂದೆಯವರ ಮಾತು ಓದಿ ಸಂತೋಷ ಆಯಿತು. ನನ್ನ ಪ್ರಶ್ನೆಗೆ ಅರ್ಧ ಉತ್ತರ ಅವರೇ ಕೊಟ್ಟರು. ಬಾಯ್ಲರ್ ಈ ಕಡೆ, ಟರ್ಬೈನ್ ನಡುವೆ ಅಂತ ಹೇಳುವವರು ಒಬ್ಬರು ಪಕ್ಕದಲ್ಲಿದ್ದರೆ ಆ ಕಟ್ಟಡ ಬೇರೆಯೇ ಆಗಿ ಕಾಣುತ್ತದೆ. ಇಂಥ ಪ್ರತಿ ಜಾಗದಲ್ಲೂ ಹಾಗೆ ಹೇಳುವವರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕು. ರಿಟೈರ್ ಆದ ಫಿಟ್ಟರ್, ಜಾಬರ್, ನೇಯ್ಗೆಯವರು. ಅವರ ಧ್ವನಿ ರೆಕಾರ್ಡ್ ಮಾಡಿ ಕೇಳಿಸಬೇಕು. ಅವರೆಲ್ಲ ಈಗ ವಯಸ್ಸಾದವರು, ಇನ್ನು ಕಾಯುವ ಹಾಗಿಲ್ಲ.

ಮಲ್ಲೇಶ್ವರಂ ಎಂಟನೇ ಕ್ರಾಸ್:
ಬೆಂಗಳೂರಿನಲ್ಲಿ ಮೈಸೂರು ಲ್ಯಾಂಪ್ಸ್ ಕಾರ್ಖಾನೆಯ ಜಾಗದಲ್ಲಿ ನಗರದ ಕತೆ ಹೇಳುವ ತಾಣ ಮಾಡುತ್ತೇವೆ ಅಂತ ಸರ್ಕಾರ ಹೇಳಿತ್ತು. ಬಲ್ಬು ತಯಾರಾಗುತ್ತಿದ್ದ ಕಾರ್ಖಾನೆ ಅದು. ಹಳೇ ಮರಗಳು, ಹಳೇ ಶೆಡ್‌ಗಳು ಇರುವ ಜಾಗ. ದಾವಣಗೆರೆ ಸರ್ ಹೇಳಿದ ಕೆಲಸ ಅಲ್ಲೇ ಶುರುವಾಗಬೇಕು. ಬಿನ್ನಿ ಮಿಲ್ ವಿಷಯದಲ್ಲಿ ನಾವು ತಡ ಮಾಡಿದೆವು. ಅಲ್ಲಿ ಈಗ ಫ್ಲಾಟ್‌ಗಳಿವೆ, ಒಂದು ಕಾಲಕ್ಕೆ ಸಾವಿರಾರು ಜನ ದುಡಿದ ಗುರುತು ಸಿಗುವುದೇ ಕಷ್ಟ.

ಕಟ್ಟಡ ಪ್ರೇಮಿ:
ಫ್ಲಾಟ್ ಅಂದಿದ್ದಕ್ಕೆ ಒಂದು ಮಾತು. ಟೇಟ್ ಬಂದ ಮೇಲೆ ಬ್ಯಾಂಕ್‌ಸೈಡ್‌ನಲ್ಲೂ ದುಬಾರಿ ಫ್ಲಾಟ್‌ಗಳು ಎದ್ದವು. 2016ರ ಹೊಸ ಕಟ್ಟಡದ ಹತ್ತನೇ ಮಹಡಿಯಲ್ಲಿ ಸುತ್ತಲೂ ನಗರ ನೋಡುವ ಜಗಲಿ ಮಾಡಿದ್ದರು. ಅಲ್ಲಿಂದ ಎದುರಿನ ಗಾಜಿನ ಫ್ಲಾಟ್‌ಗಳ ಒಳಗೂ ಕಾಣುತ್ತಿತ್ತು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 2023ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಕಾರ್ಖಾನೆಯನ್ನು ಮ್ಯೂಸಿಯಂ ಮಾಡಿದರೆ ಸುತ್ತಲಿನ ನೆಲದ ಬೆಲೆ ಏರುತ್ತದೆ, ಮೊದಲಿಂದ ಇದ್ದವರಿಗೆ ಬಾಡಿಗೆ ಕೊಡುವುದು ಕಷ್ಟ ಆಗುತ್ತದೆ. ಮೈಸೂರು ಲ್ಯಾಂಪ್ಸ್ ಬಗ್ಗೆ ಮಾತಾಡುವಾಗ ಇದನ್ನೂ ಈಗಲೇ ಯೋಚಿಸಬೇಕು.

ಕೋಟೆನಾಡು:
ನಮ್ಮ ಮಗ ಮುಂದಿನ ಬೇಸಿಗೆಗೆ ಟಿಕೆಟ್ ತೆಗೆಸುತ್ತೇನೆ ಅಂದಿದ್ದಾನೆ. ಬಸವಣ್ಣನ ಪ್ರತಿಮೆ ಇದೆಯಂತಲ್ಲ, ಅದಕ್ಕೂ ಈ ಮ್ಯೂಸಿಯಂಗೂ ಒಂದೇ ದಿನದಲ್ಲಿ ಹೋಗಬಹುದಾ?

ಥೇಮ್ಸ್ ದಂಡೆ:
ಆರಾಮಾಗಿ ಹೋಗಬಹುದು ಸರ್. ಎರಡೂ ನದಿಯ ಒಂದೇ ದಂಡೆಯಲ್ಲಿವೆ. ಬಸವಣ್ಣನ ಪ್ರತಿಮೆ ಲ್ಯಾಂಬೆತ್‌ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿದೆ, ನದಿಯ ಆಚೆ ಪಾರ್ಲಿಮೆಂಟ್. 2015ರ ನವೆಂಬರ್‌ನಲ್ಲಿ ಅನಾವರಣ ಆಯಿತು. ಬೆಳಿಗ್ಗೆ ಅಲ್ಲಿಗೆ ಹೋಗಿ. ಆಮೇಲೆ ನದಿಯನ್ನು ಎಡಕ್ಕೆ ಇಟ್ಟುಕೊಂಡು, ಸೇತುವೆ ಹತ್ತದೆ ಅದೇ ದಂಡೆಯಲ್ಲಿ ವೆಸ್ಟ್‌ಮಿನ್‌ಸ್ಟರ್ ಬ್ರಿಜ್, ವಾಟರ್‌ಲೂ ಬ್ರಿಜ್‌ಗಳನ್ನು ಹಿಂದೆ ಬಿಟ್ಟು ನಡೆಯುತ್ತಾ ಬನ್ನಿ. ದಾರಿಯುದ್ದಕ್ಕೂ ಬೆಂಚುಗಳಿವೆ. ನಡೆಯಲು ಆಗದಿದ್ದರೆ ಬಸ್ ಇದೆ. ಬುತ್ತಿ ತಂದಿದ್ದರೆ ಟೇಟ್ ಎದುರು ನದಿ ಕಡೆಗೆ ಕೂತು ಊಟ ಮುಗಿಸಿ ಒಳಗೆ ಹೋಗಿ, ಮಧ್ಯಾಹ್ನ ಪೂರ್ತಿ ಸಿಗುತ್ತದೆ. ವಾರಾಂತ್ಯ ಬಿಟ್ಟು ಬೇರೆ ದಿನ ಹೋದರೆ ಇನ್ನೂ ಒಳ್ಳೆಯದು.